ಖಾಲಿ ಪೆಟ್ಟಿಗೆಯ ಮುಂದಿನ ಸಂಜೆಗಳು

ಕೊಟ್ಟೂರಿನಲ್ಲಿ ನಮ್ಮ ಚರ್ಚಿಗೆ ಹೋಗಬೇಕು ಎಂದರೆ ಆಟೋದವರು ಸ್ವಲ್ಪ ಯೋಚಿಸುತ್ತಾರೆ. ಸ್ಟೇಷನ್ ಕಡೆಯ ಒಂದು ಓಣಿ, ಓಣಿಯ ಕೊನೆಯಲ್ಲಿ ಶೀಟು ಹೊದಿಸಿದ ಒಂದೇ ಕೋಣೆ, ಮುಂದೊಂದು ಕಬ್ಬಿಣದ ಗೇಟು. ಮೇಲೆ ಶಿಲುಬೆ ಇದೆ. ಆದರೆ ಅದನ್ನು ನೀರಿನ ಪೈಪಿನಲ್ಲಿ ಮಾಡಿಸಿದ್ದರಿಂದ ಹೊಸಬರು ಹಳೇ ಟಿವಿ ಆಂಟೆನಾ ಎಂದುಕೊಳ್ಳುತ್ತಾರೆ. ಊರಿನಲ್ಲಿ ನಮ್ಮವರು ಒಂದು ಟೆಂಪೋದಲ್ಲಿ ಹಿಡಿಸುವಷ್ಟು ಮಂದಿ. ಫಾದರ್ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಒಂದು ಭಾನುವಾರ ನಮಗೆ ಪೂಜೆ ಮಾಡಿದರೆ ಮುಂದಿನ ಭಾನುವಾರ ಹಡಗಲಿ ಕಡೆ ಹೋಗುತ್ತಾರೆ. ಹೀಗಾಗಿ ನಮ್ಮ ವಾರಕ್ಕೆ ಹದಿನಾಲ್ಕು ದಿನ.

ಒಳಗೆ ಬಲಿಪೀಠ, ಅದರ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಸರಪಳಿಗೆ ತೂಗುಬಿಟ್ಟ ಕೆಂಪು ಗಾಜಿನ ಎಣ್ಣೆದೀಪ. ನಮ್ಮ ಮತದವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೂಜೆಯಲ್ಲಿ ಫಾದರ್ ಮಂತ್ರಿಸಿದ ರೊಟ್ಟಿ ನಮ್ಮ ಪಾಲಿಗೆ ಆಮೇಲೆ ರೊಟ್ಟಿಯಲ್ಲ, ಸ್ವತಃ ಪ್ರಭುವೇ; ಪರಮಪ್ರಸಾದ ಎನ್ನುತ್ತೇವೆ. ಜನರಿಗೆ ಹಂಚಿ ಉಳಿದದ್ದನ್ನು ಆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದು ಒಳಗಿರುವವರೆಗೂ ದೀಪ ಉರಿಯಬೇಕು. ದೀಪ ಉರಿಯುತ್ತಿದ್ದರೆ ಅವನು ಮನೆಯಲ್ಲಿದ್ದಾನೆ, ಆರಿದ್ದರೆ ಇಲ್ಲ. ನನ್ನಂಥ ಚಿಂತೆಗಾರನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ. ನಂಬಿಕೆಯ ಬೇರೆ ಯಾವ ವಿಷಯದಲ್ಲೂ ಹೀಗೆ ಕಣ್ಣಿಗೆ ಕಾಣುವ ಗುರುತು ಇಟ್ಟಿಲ್ಲ. ಪಾಪ ಕ್ಷಮೆ ಆಗಿದೆಯೋ ಇಲ್ಲವೋ ಎಂದು ತಿಳಿಸುವ ಯಾವ ಬಲ್ಬೂ ಇಲ್ಲ. ಸತ್ತವರು ಸುಖವಾಗಿ ತಲುಪಿದರು ಎಂದು ಮೆಸೇಜ್ ಬರುವುದಿಲ್ಲ. ಆದರೆ ಇಲ್ಲಿ ಮಾತ್ರ ಬಾಗಿಲಿನಿಂದಲೇ ಇಣುಕಿದರೆ ಸಾಕು.

ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಸಹಾಯಕ. ಗ್ಯಾಸಿನ ನಲ್ಲಿಗಳು ಬಂದಾಗಿವೆಯೇ, ಆಸಿಡ್ ಬಾಟಲಿಗಳ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ಈ ಕೆಲಸ ನನ್ನ ಸ್ವಭಾವ ಕೆಡಿಸಿತೋ, ನನ್ನ ಸ್ವಭಾವ ನೋಡಿಯೇ ಈ ಕೆಲಸ ಕೊಟ್ಟರೋ ಗೊತ್ತಿಲ್ಲ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಬೀಗ ಜಗ್ಗಿ ನೋಡುತ್ತೇನೆ. ಮನೆಯಲ್ಲೂ ಅಷ್ಟೇ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಒಲೆಯ ಗ್ಯಾಸು ನೆನಪಾಗಿ ಹಿಂತಿರುಗಿ, ಹೊಸಪೇಟೆಯ ಬಸ್ಸು ತಪ್ಪಿಸಿಕೊಂಡ ಇತಿಹಾಸ ನನಗಿದೆ. ನನ್ನ ಹೆಂಡತಿ ಇದ್ದಾಗ ಈ ಚಿಂತೆಗಳಲ್ಲಿ ಅರ್ಧದಷ್ಟನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು. ಉತ್ತರ ಕೊಡುತ್ತಿದ್ದಳು ಎಂದಲ್ಲ. ಅಕ್ಕಿ ಆರಿಸುತ್ತಾ "ಹೂಂ" ಎನ್ನುತ್ತಿದ್ದಳು. ಆ ಹೂಂ ಎಂಬುದಕ್ಕೆ ಎಷ್ಟು ತೂಕವಿತ್ತು ಎಂದು ಅದು ನಿಂತ ಮೇಲೆ ತಿಳಿಯಿತು.

ನಮಗೆ ಮಕ್ಕಳಾಗಲಿಲ್ಲ. ಅವಳ ಕಾಯಿಲೆ ಹೆಚ್ಚಾಗಿ ದಾವಣಗೆರೆಯ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದಾಗ ಅವಳಿಗಿದ್ದ ದೊಡ್ಡ ಚಿಂತೆ ಚರ್ಚಿನ ದೀಪದ್ದು. ದೀಪಕ್ಕೆ ಎಣ್ಣೆ ಹಾಕುವುದು, ಬತ್ತಿ ಸರಿಮಾಡುವುದು ಅವಳ ಕೆಲಸವಾಗಿತ್ತು. ಚರ್ಚಿನ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಅವರದು ಶಿವಭಕ್ತರ ಮನೆ, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ನನಗಿಂತ ದೊಡ್ಡವರಾದ್ದರಿಂದ ಅಕ್ಕಾರ ಎನ್ನುತ್ತೇವೆ. ಆಂಬುಲೆನ್ಸ್ ಹತ್ತುವ ಮುಂಚೆ ಇವಳು ಅವರ ಕೈಗೆ ಬೀಗದ ಕೈ ಕೊಟ್ಟು, "ದೀಪ ಆರಬಾರ್ದು ನೋಡ್ರಿ ಅಕ್ಕಾರ" ಎಂದು ಹೇಳಿದಳು. ಅವರೂ, "ನೀ ಬರೋತನ ಆರಂಗಿಲ್ಲ ಹೋಗವ್ವಾ" ಎಂದರು.

ಅವಳು ಬರಲಿಲ್ಲ. ಹರಪನಹಳ್ಳಿ ಅವಳ ತವರು. ಅಲ್ಲಿಯ ನಮ್ಮವರ ಸಮಾಧಿಭೂಮಿಯಲ್ಲಿ ಅವಳ ತಂದೆತಾಯಿಯ ಪಕ್ಕ ಮಣ್ಣು ಮಾಡಿದೆವು. ಬೀಗದ ಕೈ ಮಾತ್ರ ಅಕ್ಕಾರ ಬಳಿಯೇ ಉಳಿಯಿತು. ನಾನು ವಾಪಸ್ ಕೇಳಲಿಲ್ಲ. ಅವಳು ಹಿಡಿದಿದ್ದ ಎಣ್ಣೆಯ ಗಿಂಡಿಯನ್ನು ನಾನು ಹಿಡಿಯುವುದು ಆಗದ ಮಾತಾಗಿತ್ತು. ಅಕ್ಕಾರ ದಿನಾ ಬೆಳಿಗ್ಗೆ ಗುಡಿಸಿ, ಎಣ್ಣೆ ಹಾಕಿ ಹೋಗುತ್ತಿದ್ದರು. ಸಂಜೆ ಕಾಲೇಜು ಬಿಟ್ಟ ಮೇಲೆ ನಾನು ಅವರ ಮನೆಯಿಂದ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿ ಕೂರುತ್ತಿದ್ದೆ.

ಭಕ್ತಿಯಿಂದ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ ಮನೆಗೆ ಹೋಗಲಾರದೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ಕೊನೆಯ ಮಾತು ಆಡಿದ ಮೇಲೆ ಮರುದಿನ ಹಾಲಿನ ಅಂಗಡಿಯಲ್ಲಿ "ಅರ್ಧ ಲೀಟರ್" ಎನ್ನುವವರೆಗೆ ನನ್ನ ಬಾಯಿಂದ ಶಬ್ದ ಹೊರಡಬೇಕಾದ ಅಗತ್ಯವೇ ಇರಲಿಲ್ಲ. ಕೆಲವೊಮ್ಮೆ ಆ ಅರ್ಧ ಲೀಟರ್ ಕೂಡ ಗಂಟಲಲ್ಲಿ ಸಿಕ್ಕಿಕೊಂಡು ಗೊಗ್ಗರಾಗಿ ಹೊರಬೀಳುತ್ತಿತ್ತು. ಚರ್ಚಿನಲ್ಲಾದರೆ ಕೆಂಪು ದೀಪ ಇತ್ತು. ದೀಪ ಇದೆ ಎಂದರೆ ಅವನಿದ್ದಾನೆ, ಅವನಿದ್ದಾನೆ ಎಂದರೆ ಮಾತಾಡಬಹುದು. ಒಳಗೆ ಕಾಲಿಡುತ್ತಲೇ ಒಂದು ಮಂಡಿ ನೆಲಕ್ಕೆ ಊರಿ ನಮಸ್ಕಾರ ಮಾಡಿ, ಎರಡನೇ ಬೆಂಚಿನಲ್ಲಿ ಕೂತು ಶುರುಮಾಡುತ್ತಿದ್ದೆ. ಜಪದ ಪುಸ್ತಕದಲ್ಲಿ ದೇವರನ್ನು ಬಹುವಚನದಲ್ಲಿ ಕರೆಯುತ್ತೇವೆ. ಸಂಜೆಗಳಲ್ಲಿ ಅದು ಯಾವಾಗಲೋ ನೀನು ಆಗಿಬಿಟ್ಟಿತು.

ಏನು ಹೇಳುತ್ತಿದ್ದೆ ಎಂದು ಈಗ ಯೋಚಿಸಿದರೆ ಅವನ ತಾಳ್ಮೆಯ ಬಗ್ಗೆ ಗೌರವ ಹೆಚ್ಚುತ್ತದೆ. ಸ್ಕೂಟರಿನ ಹಿಂದಿನ ಚಕ್ರದಲ್ಲಿ ಬರುವ ಶಬ್ದ. ಕತ್ತಿನ ಬಲಗಡೆ ಕೈಗೆ ಸಿಗುವ ಗಂಟು, ಎಡಗಡೆಯೂ ಅಂಥದ್ದೇ ಇದೆ ಎಂದು ಗೊತ್ತಾದ ಮೇಲಿನ ಗೊಂದಲ. ಖಾನಾವಳಿಯವನು ಝುಣಕದ ಉಪ್ಪು ಬದಲಾಯಿಸಿದ್ದು. ಹೊಸ ಲೆಕ್ಚರರ್ ನನ್ನನ್ನು "ಅಂಕಲ್" ಎಂದದ್ದು. ನಡುನಡುವೆ ಸುಮ್ಮನಾಗಿ ದೀಪ ನೋಡುತ್ತಿದ್ದೆ. ಜ್ವಾಲೆ ಸ್ವಲ್ಪ ಅಲುಗಾಡುತ್ತಿತ್ತು. ನನಗೆ ಅದು ಹೂಂ ಅಂದಂತೆ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು. ಒಂದು ಮಾತು ಖಂಡಿತ ಹೇಳಬಲ್ಲೆ: ಆ ದೀಪ, ಆ ಪೆಟ್ಟಿಗೆ ಇಲ್ಲದಿದ್ದರೆ ಆ ಕಾಲವನ್ನು ನಾನು ದಾಟುತ್ತಿರಲಿಲ್ಲ. ಜಗತ್ತಿನಲ್ಲಿ ನನ್ನ ಜೊತೆ ಒಬ್ಬ ಇದ್ದಾನೆ ಎಂಬುದಕ್ಕೆ ನನಗಿದ್ದ ಆಧಾರ ಅದೊಂದೇ.

ಅದು ಮಳೆಗಾಲ ಶುರುವಾದ ಒಂದು ಸಂಜೆ. ನಮ್ಮ ಕಡೆ ಮಳೆ ಬಂದರೆ ಹೇಳದೆ ಕೇಳದೆ ಬರುತ್ತದೆ. ಶೀಟಿನ ಮೇಲೆ ಕಲ್ಲು ಸುರಿದಂತೆ ಸದ್ದು. ನಾನು ಕೂತು, ಲ್ಯಾಬಿನ ಕಿಟಕಿ ಹಾಕಿದೆನೋ ಇಲ್ಲವೋ ಎಂಬ ವಿಷಯವನ್ನು ಅವನ ಮುಂದೆ ಇಟ್ಟಿದ್ದೆ. ಗೇಟು ಸದ್ದಾಗಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಮೈಯೆಲ್ಲ ತೊಯ್ದುಕೊಂಡು ಫಾದರ್ ಒಳಗೆ ಬಂದರು. ನನಗಿಂತ ತುಂಬ ಚಿಕ್ಕವರು. ಕೂಡ್ಲಿಗಿ ಕಡೆ ಯಾರನ್ನೋ ನೋಡಿಕೊಂಡು ಬರುತ್ತಿದ್ದರಂತೆ.

"ಸರ್, ನೀವು! ಬಾಗಿಲು ತೆರೆದಿದ್ದು ಕಂಡು ಬಂದೆ. ಯಾರ ಜೊತೆ ಮಾತಾಡ್ತಿದ್ರಿ? ಫೋನಾ?"

"ಇಲ್ಲ ಫಾದರ್, ಹಂಗ ಸುಮ್ನ... ಜಪ."

ಲ್ಯಾಬಿನ ಕಿಟಕಿಯ ಜಪ. ನಾಚಿಕೆಯಾಗಿ ಎದ್ದೆ. ಅವರಿಗೆ ಮೈ ಒರೆಸಿಕೊಳ್ಳಲು ಒಳಗಿನ ಬೀರುವಿನಿಂದ ಟವೆಲ್ ತರಲು ಪೆಟ್ಟಿಗೆಯ ಮುಂದೆ ಹಾದುಹೋಗಬೇಕಿತ್ತು. ಅಭ್ಯಾಸದಂತೆ ಮಂಡಿಯೂರಿ ನಮಸ್ಕರಿಸಿ ಮುಂದೆ ಹೋದೆ. ತಿರುಗಿ ಬರುವಾಗ ಮತ್ತೊಮ್ಮೆ ಊರಿದೆ. ಫಾದರ್ ತಲೆ ಒರೆಸಿಕೊಳ್ಳುತ್ತಾ ದೀಪ ನೋಡಿದರು, ನನ್ನನ್ನು ನೋಡಿದರು.

"ಸರ್, ಈ ದೀಪ ಯಾಕೆ ಹಚ್ಚೀರಿ?"

"ಯಾವಾಗ್ಲೂ ಇರ್ತದಲ್ರಿ ಫಾದರ್."

"ಪೂಜೆ ಇದ್ದ ದಿನ ನೀವು ಹಚ್ಚಿರ್ತೀರಿ ಅಂತ ನಾನು ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಊದಿ ಹೋಗ್ತೀನಿ. ಈಗ್ಯಾಕೆ? ಪೆಟ್ಟಿಗೆ ಒಳಗೆ ಏನೂ ಇಲ್ಲ ಸರ್."

ಶೀಟಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ ಎಂಬಂತೆ ನಿಂತೆ. ಸರಿಯಾಗಿಯೇ ಕೇಳಿಸಿತ್ತು.

ಫಾದರ್ ತಮ್ಮ ಕೀಲಿಯಿಂದ ಪೆಟ್ಟಿಗೆ ತೆರೆದು ತೋರಿಸಿದರು. ಒಳಗೆ ಹಾಸಿದ ಬಿಳಿ ಬಟ್ಟೆ, ಅದರ ಮೇಲೆ ಒಂದು ಸತ್ತ ಇರುವೆ. ವಿಷಯ ಇಷ್ಟು: ಬೇಸಿಗೆಯಲ್ಲಿ ಒಂದು ಭಾನುವಾರ ಪೆಟ್ಟಿಗೆ ತೆರೆದಾಗ ಒಳಗೆ ಇರುವೆಯ ಸಾಲು ಕಂಡಿತು. ಗೋಡೆಯಲ್ಲೇ ಎಲ್ಲೋ ಬಿರುಕು. ಪ್ರಭುವಿನ ಪಾತ್ರೆಗೆ ಇರುವೆ ಮುತ್ತಬಾರದಲ್ಲ. ಇದ್ದದ್ದನ್ನು ಅವರೇ ಸೇವಿಸಿ, ಗೋಡೆ ರಿಪೇರಿ ಆಗಿ ಬೇರೆ ಪೆಟ್ಟಿಗೆ ಬರುವವರೆಗೆ ಇಲ್ಲಿ ಪರಮಪ್ರಸಾದ ಇಡುವುದಿಲ್ಲ ಎಂದು ಪೂಜೆಯ ಕೊನೆಗೆ ಜನರಿಗೆ ತಿಳಿಸಿ, ದೀಪ ಆರಿಸಿ ಹೋಗಿದ್ದರು.

"ಅವತ್ತು ನೀವು ಇರಲಿಲ್ಲ ಅನ್ಸುತ್ತೆ. ಗ್ರೂಪ್‌ನಲ್ಲೂ ಹಾಕಿದ್ದೆ ಸರ್."

ಇರಲಿಲ್ಲ. ಅವತ್ತು ಅವಳ ವರ್ಷದ ಪೂಜೆ. ನಾನು ಹರಪನಹಳ್ಳಿಯಲ್ಲಿ ಅವಳ ಸಮಾಧಿಗೆ ಹೂ ಇಡುತ್ತಿದ್ದೆ. ವಾಟ್ಸಾಪ್ ಗ್ರೂಪಿನ ಸದ್ದನ್ನು ಅವಳು ಹೋದ ವಾರವೇ ನಿಲ್ಲಿಸಿದ್ದೆ. ಸಾಂತ್ವನಗಳು ಮುಗಿದು ಗುಡ್ ಮಾರ್ನಿಂಗ್ ಗುಲಾಬಿಗಳು ಶುರುವಾದ ಮೇಲೆ ಅದನ್ನು ತೆರೆದು ನೋಡಲು ಮನಸ್ಸಾಗಿರಲಿಲ್ಲ. ಬೇರೆಯವರು ಪೂಜೆಗೆ ಮಾತ್ರ ಬರುವವರು. ಪೂಜೆಗೆ ದೀಪ ಇರುವುದರಲ್ಲಿ ವಿಶೇಷವೇನು ಎಂದು ಅವರೂ ಸುಮ್ಮನಿದ್ದರು. ಪೂಜೆಯ ಹೊತ್ತಿನಲ್ಲಿ ನಾನು ಮೂಲೆಯ ಹಾರ್ಮೋನಿಯಂ ಹಿಂದೆ ಇರುತ್ತೇನೆ. ಫಾದರ್ ಉಳಿದದ್ದನ್ನು ಪೆಟ್ಟಿಗೆಗೆ ಇಡುತ್ತಾರೋ ಇಲ್ಲವೋ ನನಗೆ ಕಾಣುವುದಿಲ್ಲ. ಕಾಣುವಂತಿದ್ದರೂ ನೋಡುತ್ತಿದ್ದೆನೋ ಇಲ್ಲವೋ. ಮುಂದಿನ ಹಾಡಿನ ಶ್ರುತಿ, ಗಾಳಿ ಸೋರುವ ತಿದಿ, ಇವೇ ತಲೆ ತುಂಬ ಇರುತ್ತಿದ್ದವು.

"ಅಂದ್ರ ಬೇಸಿಗಿಯಿಂದ ಇಲ್ಲೀತನಕ ನಾನು ಕುಂತು ಮಾತಾಡಿದ್ದು ಯಾರ ಕೂಡ ಫಾದರ್?"

ಫಾದರ್ ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. "ದೇವರು ಎಲ್ಲಾ ಕಡೆ ಇದ್ದಾನಲ್ಲ ಸರ್" ಎಂದರು.

ಒಳ್ಳೆಯ ಮನುಷ್ಯ. ಆದರೆ ತಾಲೂಕು ಕಚೇರಿಯಲ್ಲಿ ಫೈಲು ಹುಡುಕಿ ಸೋತವನಿಗೆ "ಇಲ್ಲೇ ಎಲ್ಲೋ ಇರ್ತತ್ರಿ" ಎಂದಂತೆ ಕೇಳಿಸಿತು. ಎಲ್ಲಾ ಕಡೆ ಇರುವವನು ನನಗೆ ಬೇಕಿರಲಿಲ್ಲ. ಹಡಗಲಿಯಲ್ಲೂ ಇರುವ, ಅಮೆರಿಕದಲ್ಲೂ ಇರುವ, ಹಾಲಿನ ಅಂಗಡಿಯಲ್ಲೂ ಇರುವ ದೇವರಿಗೆ ಸ್ಕೂಟರಿನ ಶಬ್ದದ ಬಗ್ಗೆ ಹೇಳುವುದು ಹೇಗೆ? ನನಗೆ ಬೇಕಿದ್ದವನು ಕೊಟ್ಟೂರಿನಲ್ಲಿ, ಈ ಓಣಿಯಲ್ಲಿ, ಈ ಪೆಟ್ಟಿಗೆಯಲ್ಲಿ, ನನ್ನಿಂದ ಎರಡು ಬೆಂಚಿನ ದೂರದಲ್ಲಿ ಇದ್ದವನು. ಅವನು ಇರಲಿಲ್ಲ. ಇದ್ದದ್ದು ಬಟ್ಟೆ ಮತ್ತು ಇರುವೆ.

ಮಳೆ ನಿಂತಿತು. ಫಾದರ್ ದೀಪ ಊದಲು ಬಗ್ಗಿದವರು ಯಾಕೋ ಊದಲಿಲ್ಲ. ನನ್ನ ಹೆಗಲು ಮುಟ್ಟಿ ಹೋದರು.

ಬೀಗದ ಕೈ ಕೊಡಲು ಅಕ್ಕಾರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಅಕ್ಕಾರ, ಗುಡಿ ದೀಪ ಯಾವಾಗರ ಆರಿತ್ತೇನ್ರಿ?"

ಅವರ ಕೈ ನಿಂತಿತು. "ಯಾರ್ ಹೇಳಿದ್ರು?"

"ಯಾರರ ಹೇಳ್ಲಿ. ಆರಿತ್ತಾ?"

"ಆರಿತ್ತ್ರಿ. ಬ್ಯಾಸಿಗಿ ಒಳಗ ಒಂದು ಸೋಮಾರ ಬೆಳಿಗ್ಗಿ ಹೋಗಿ ನೋಡ್ತೀನಿ, ದೀಪ ಆರಿ ತಣ್ಣಗಾಗೇತಿ. ನನ್ನ ಎದಿ ಧಸಕ್ ಅಂತು. ಸತ್ತಾಕಿಗೆ ಮಾತು ಕೊಟ್ಟೀನಿ, ಶಿವಾ ಅಂತಂದು ಲಗೂನ ಹಚ್ಚಿದೆ. ಮತ್ತ ಎರಡು ವಾರ ಬಿಟ್ಟು ಸೋಮಾರ ಹಂಗ ಆಗಿತ್ತು. ಆಮ್ಯಾಲ ಇದೊಂದು ಚಾಳಿ ಆತು ಅದಕ. ನಿಮ್ಮ ಗುಡಿ ಶೀಟಿನ ಸಂದ್ಯಾಗ ಗಾಳಿ ಬರ್ತತಿ, ಅದಕ ಆರ್ತತಿ ಅಂದ್ಕೊಂಡೆ."

ಎರಡು ವಾರಕ್ಕೊಮ್ಮೆ ಫಾದರ್ ಊದುತ್ತಿದ್ದರು. ಮರುದಿನ ಇವರು ಹಚ್ಚುತ್ತಿದ್ದರು. ಭಾನುವಾರ ಬೆಳಿಗ್ಗೆ ನೋಡಿಯಾಗಿದೆ ಎಂದು ನಾನು ಸಂಜೆ ಹೋಗುತ್ತಿರಲಿಲ್ಲ. ಒಂದೇ ದಿನ ಎರಡು ಸಲ ಒಬ್ಬರ ಮನೆಗೆ ಹೋದರೆ ಬೇಸರವಾದೀತು ಎಂಬ ಸಂಕೋಚ. ದೀಪ ಆರಿದ್ದು ನನ್ನ ಕಣ್ಣಿಗೆ ಬೀಳದಿರಲು ಆ ಒಂದು ಸಂಜೆ ಸಾಕಾಗಿತ್ತು.

"ನನಗ ಒಂದು ಮಾತು ಹೇಳಬಾರದಾ ಅಕ್ಕಾರ?"

"ಹೇಳ್ತಾರ ನಿಮಗ! ದೀಪ ಆರಿತ್ತು ಅಂದಿದ್ರ ನೀವು ಅವತ್ತ ನಿಮ್ಮ ತಿಥಿ ಕಾರ್ಡ್ ಬರಿಸ್ತಿದ್ರಿ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಬಸ್‌ಸ್ಟ್ಯಾಂಡಿನಿಂದ ಹೊಳ್ಳಿ ಬರೋ ಮನಶಾರು ನೀವು. ನಾನ್ ನೋಡಿಲ್ಲೇನು?"

ಆಗ ನಾನು ಪೆಟ್ಟಿಗೆಯ ವಿಷಯ ಹೇಳಿದೆ. ಇರುವೆ, ಬಿರುಕು, ಫಾದರ್ ಊದಿದ್ದು, ಎಲ್ಲ. ಅಕ್ಕಾರ ಬಾಯಿ ಮೇಲೆ ಸೆರಗು ಹಿಡಿದು ಕೇಳಿದರು.

"ಅಂದ್ರ ನಿಮ್ಮ ಸ್ವಾಮಿ ಊರಾಗ ಇಲ್ಲ?"

"ಇಲ್ಲ. ಪೂಜೆ ಇದ್ದ ಭಾನುವಾರ ಬರ್ತಾನ, ಪೂಜೆ ಮುಗಿಯೋತನ ಇರ್ತಾನ."

"ಎರಡು ವಾರಕ್ಕೊಮ್ಮಿ ಬಂದು ಉಂಡು ಹೋಗಾಕ ನಮ್ಮ ಅಳಿಯ ಆದಂಗಾತು ಬಿಡ್ರಿ."

ನಕ್ಕೆ. ನಗು ಬಂದಿದ್ದಕ್ಕೆ ಸಿಟ್ಟೂ ಬಂತು. ಅವರು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿ, "ಹಂಗಾರ ನಾಳಿ ಎಣ್ಣಿ ಹಾಕ್ಲೋ ಬ್ಯಾಡೋ?" ಎಂದರು.

"ಬ್ಯಾಡ್ರಿ" ಎಂದೆ. ಸುಳ್ಳು ದೀಪದ ಮುಂದೆ ಇನ್ನೊಂದು ದಿನ ಕೂರುವ ಧೈರ್ಯ ನನಗಿರಲಿಲ್ಲ.

ಮರುದಿನದಿಂದ ನಾನು ಚರ್ಚಿಗೆ ಹೋಗಲಿಲ್ಲ. ಸಂಜೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಓಡಾಡಿದೆ. ಹರಿಹರದ ಕಡೆ ಹೋಗುವ ಗಾಡಿ ಬಂದು ಹೋಗುವವರೆಗೆ ನಾನೂ ಯಾರನ್ನೋ ಕರೆದುಕೊಂಡು ಹೋಗಲು ಬಂದವನ ಹಾಗೆ ಮುಖ ಮಾಡಿ ನಿಂತಿರುತ್ತಿದ್ದೆ. ಗಾಡಿ ಹೋದ ಮೇಲೆ ಆ ಮುಖವನ್ನು ಏನು ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ. ಒಂದು ದಿನ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು ತಿನ್ನುತ್ತಾ, "ಖಾರ ಐತಿ" ಎಂದು ಜೋರಾಗಿ ಹೇಳಿದೆ. ಹೇಳಿದ ಮೇಲೆ ಕೋಣೆಯಲ್ಲಿ ಆ ಮಾತು ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ನಿಂತುಬಿಟ್ಟಿತು. ಮಿರ್ಚಿ ಅರ್ಧಕ್ಕೇ ಇಟ್ಟೆ. ಹೊಟ್ಟೆಯುರಿಯ ಚಿಂತೆಯನ್ನು ಹಂಚಿಕೊಳ್ಳಲು ಕೂಡ ಯಾರೂ ಇರಲಿಲ್ಲ.

ಚಿಂತೆಗಾರನ ಒಂದು ಕಷ್ಟ ಏನೆಂದರೆ ಅವನು ಹಿಂದಕ್ಕೂ ಚಿಂತೆ ಮಾಡಬಲ್ಲ. ಬೇಸಿಗೆಯಿಂದ ಈಚೆಗೆ ಮಾತ್ರ ಪೆಟ್ಟಿಗೆ ಖಾಲಿ ಎಂದು ಫಾದರ್ ಹೇಳಿದ್ದರು. ಆದರೆ ಅದಕ್ಕೂ ಮುಂಚಿನ ಸಂಜೆಗಳಿಗೂ ಈ ಸಂಜೆಗಳಿಗೂ ನನಗೆ ಯಾವ ವ್ಯತ್ಯಾಸವೂ ತಿಳಿದಿರಲಿಲ್ಲವಲ್ಲ! ಅವನಿದ್ದಾಗಲೂ ದೀಪ ಅಲುಗಾಡಿತ್ತು, ಇಲ್ಲದಾಗಲೂ ಅಲುಗಾಡಿತ್ತು. ಎರಡಕ್ಕೂ ಹೂಂ ಎಂದು ಅರ್ಥ ಮಾಡಿಕೊಂಡವನು ನಾನೇ. ಇರುವುದಕ್ಕೂ ಇಲ್ಲದಿರುವುದಕ್ಕೂ ಫರಕು ಗೊತ್ತಾಗದವನಿಗೆ ದೇವರು ಇದ್ದರೇನು, ಗಾಳಿ ಇದ್ದರೇನು? ಲ್ಯಾಬಿನಲ್ಲಿ ಹುಡುಗರು ಬಣ್ಣ ಬದಲಾಗದ ದ್ರಾವಣ ಹಿಡಿದುಕೊಂಡು "ಬದಲಾಯ್ತು ಸರ್" ಎಂದರೆ ಬೈಯುತ್ತೇನೆ. ನಾನು ಅದನ್ನೇ ಮಾಡಿದ್ದೆ.

ಪೂಜೆಯ ಭಾನುವಾರ ಬಂತು. ಹೋಗದಿರಲು ನೆವ ಹುಡುಕಿ ಸಿಗದೆ ಹೋದೆ. ಹಾರ್ಮೋನಿಯಂ ಮುಚ್ಚಳ ತೆಗೆಯಲಿಲ್ಲ. "ರೀಡು ಕೆಟ್ಟೈತಿ" ಎಂದು ಹೇಳಿ, ಬಹಳ ವರ್ಷಗಳ ಮೇಲೆ ಎಲ್ಲರ ನಡುವೆ ಬೆಂಚಿನಲ್ಲಿ ಕೂತೆ. ಶ್ರುತಿಯಿಲ್ಲದೆ ಹಾಡು ಮೇಲೆ ಹತ್ತಿ ಇಳಿಯಲು ದಾರಿ ಸಿಗದೆ ಒದ್ದಾಡಿತು. ನಾನು ತಲೆ ತಗ್ಗಿಸಿದೆ.

ಪೂಜೆಯಲ್ಲಿ ಒಂದು ಗಳಿಗೆ ಇದೆ. ಜನರಿಗೆ ಪ್ರಸಾದ ಕೊಡುವುದಕ್ಕೆ ಮುಂಚೆ ಫಾದರ್ ದೊಡ್ಡ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯುತ್ತಾರೆ. ಇಷ್ಟು ವರ್ಷ ಆ ಹೊತ್ತಿಗೆ ಸರಿಯಾಗಿ ನಾನು ತಿದಿ ಒತ್ತಿ ಒಂದು ಹಾಡು ಶುರುಮಾಡುತ್ತಿದ್ದೆ. ಅವತ್ತು ನಾನು ಶುರುಮಾಡಲಿಲ್ಲ, ಬೇರೆ ಯಾರಿಗೂ ಶುರುಮಾಡುವ ಧೈರ್ಯ ಬರಲಿಲ್ಲ. ಕೋಣೆ ಸುಮ್ಮನಿತ್ತು. ಹಾಗಾಗಿ ಕೇಳಿಸಿತು. ಟಕ್ ಎಂದು ಒಂದು ಸಣ್ಣ ಸದ್ದು. ತೆಳ್ಳನೆಯ, ಒಣಗಿದ ರೊಟ್ಟಿ ಮುರಿದ ಸದ್ದು.

ಅದು ನನಗೆ ಗೊತ್ತಿದ್ದ ಸದ್ದು. ನಮ್ಮ ಮನೆಯಲ್ಲಿ ಅವಳು ವಾರಕ್ಕಾಗುವಷ್ಟು ಸಜ್ಜೆ ರೊಟ್ಟಿ ಮಾಡಿ ಒಣಗಿಸಿ ಇಡುತ್ತಿದ್ದಳು. ಊಟಕ್ಕೆ ಕೂತಾಗ ಒಂದನ್ನು ಎತ್ತಿ ಹೀಗೆಯೇ ಎರಡೂ ಕೈಯಲ್ಲಿ ಹಿಡಿದು ಮುರಿದು, ಯಾವ ಅರ್ಧ ದೊಡ್ಡದಾಯಿತೋ ಅದನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ನಾನು ಆಗ ಯಾವುದೋ ಗ್ಯಾಸ್ ನಲ್ಲಿಯ ಬಗ್ಗೆ ಮಾತಾಡುತ್ತಿದ್ದೆ. ನೋಡಿರಲಿಲ್ಲ ಎಂದಲ್ಲ. ದಿನಾ ನೋಡಿದ್ದೆ. ಗುರುತು ಹಿಡಿದಿರಲಿಲ್ಲ.

ಬೆಂಚಿನ ಅಂಚು ಹಿಡಿದು ಕೂತೆ. ಖಾಲಿ ಪೆಟ್ಟಿಗೆಯ ಮುಂದೆ ಕೂತ ಸಂಜೆಗಳಿಗಾಗಿ ನಾನು ಅಷ್ಟು ದಿನ ಹೊಟ್ಟೆ ಉರಿಸಿಕೊಂಡಿದ್ದೆ. ಆದರೆ ಎರಡು ವಾರಕ್ಕೊಮ್ಮೆ ಅವನು ನಿಜವಾಗಿ ಬಂದು, ಎಲ್ಲರೆದುರು ಎತ್ತಿ ಹಿಡಿಸಿಕೊಂಡು, ಮುರಿಸಿಕೊಂಡು ಹೋಗುತ್ತಿದ್ದ ಹೊತ್ತಿನಲ್ಲಿ ಎಲ್ಲಿದ್ದೆ? ತಿದಿಯ ಹಿಂದೆ. ಅವನಿದ್ದಾಗ ನಾನಿರಲಿಲ್ಲ, ನಾನಿದ್ದಾಗ ಅವನಿರಲಿಲ್ಲ. ನಮ್ಮಿಬ್ಬರದು ಪಾಳಿಯ ಮೇಲೆ ಕೆಲಸ ಮಾಡುವ ಗಂಡ ಹೆಂಡಿರ ಸಂಸಾರದಂತೆ ನಡೆದಿತ್ತು.

ಸಾಲಿನಲ್ಲಿ ಹೋಗಿ ಕೈ ಚಾಚಿದೆ. ಫಾದರ್ ಆ ದೊಡ್ಡ ರೊಟ್ಟಿಯ ಒಂದು ಚೂರನ್ನೇ ನನ್ನ ಅಂಗೈಗೆ ಇಟ್ಟರು, ಬೇಕೆಂದೇ ಇಟ್ಟರೋ ಹಾಗೇ ಸಿಕ್ಕಿತೋ ಕೇಳಲಿಲ್ಲ. ಅಂಚು ಸಮನಾಗಿರಲಿಲ್ಲ. ಬಾಯಿಗೆ ಹಾಕಿಕೊಂಡೆ. ಏನೂ ಆಗಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಅಂಗಾಲಿಗೆ ಚಪ್ಪಡಿ ತಣ್ಣಗೆ ಹತ್ತಿತು. ಹಿಂದೆ ನಿಂತ ಹೆಂಗಸು ಕೆಮ್ಮಿದರು. ಆದರೆ ಬೆಂಚಿಗೆ ಬಂದು ಕೂರುವವರೆಗೆ ನಾನು ಯಾವುದರ ಬಗ್ಗೆಯೂ ಚಿಂತೆ ಮಾಡಿರಲಿಲ್ಲ. ಕೂತ ತಕ್ಷಣ, ಚಿಂತೆ ಮಾಡುತ್ತಿಲ್ಲವಲ್ಲ, ಏನಾಯಿತು ಎಂದು ಚಿಂತೆ ಶುರುವಾಯಿತು.

ಪೂಜೆ ಮುಗಿದ ಮೇಲೆ ಫಾದರ್ ಬಳಿ ಹೋಗಿ, ಒಂದು ಚೂರಾದರೂ ಇಲ್ಲಿ ಇಟ್ಟು ಹೋಗಬಹುದೇ, ಇರುವೆಗೆ ನಾನು ಅರಿಶಿನ ಹಾಕುತ್ತೇನೆ, ದಿನಾ ನೋಡಿಕೊಳ್ಳುತ್ತೇನೆ ಎಂದೆ.

"ಈಗ ಆಗಲ್ಲ ಸರ್. ಗೋಡೆ ಒಡೆದು ಕಟ್ಟಬೇಕು. ಯಾವಾಗ ಅಂತ ಹೇಳಲಾರೆ." ಹೆಲ್ಮೆಟ್ ಹಾಕಿಕೊಳ್ಳುತ್ತಾ, "ನೀವು ಬಂದು ಕೂರೋದು ಬಿಡಬೇಡಿ" ಎಂದರು.

"ಖಾಲಿ ಐತಲ್ಲ ಫಾದರ್."

"ನೀವು ಇವತ್ತು ತಗೊಂಡ್ರಲ್ಲ ಸರ್" ಎಂದು ಹೇಳಿ ಬೈಕು ಶುರುಮಾಡಿದರು. ಹರಪನಹಳ್ಳಿಯಲ್ಲಿ ಒಂದು ನಾಮಕರಣಕ್ಕೆ ತಡವಾಗಿತ್ತು. ಅವರು ಹೇಳಿದ್ದರ ಅರ್ಥ ಓಣಿ ದಾಟಿ ಹೋದ ಮೇಲೆ ನನಗೆ ಸ್ವಲ್ಪ ಹೊಳೆಯಿತು. ತೆಗೆದುಕೊಂಡು ಬಂದವನು ನಾನು, ಹೊತ್ತು ತಿರುಗುತ್ತಿರುವವನೂ ನಾನೇ ಎಂದಿರಬೇಕು. ನನ್ನಂಥ ಡಬ್ಬಿಯಲ್ಲಿ ಇಡುವುದಕ್ಕಿಂತ ಇರುವೆಯ ಪೆಟ್ಟಿಗೆಯೇ ಮೇಲಿತ್ತು ಎನ್ನಿಸಿತು.

ಮನೆಗೆ ಬಂದೆ. ಖಾನಾವಳಿಗೆ ಹೋಗಲಿಲ್ಲ. ಅನ್ನ ಮಾಡಿ ಉಂಡೆ. ಮಧ್ಯಾಹ್ನ ಮಲಗಿದವನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿಯಾಗಿದೆ, ಮತ್ತೆ ಹೋದರೆ ಬೇಸರವಾದೀತು ಎಂದು ಹಳೆಯ ಸಂಕೋಚ ತಡೆಯಿತು. ಯಾರಿಗೆ ಬೇಸರ? ಎದ್ದು, ಗ್ಯಾಸ್ ನೋಡಿ, ಬೀಗ ಹಾಕಿ, ಬೀಗ ಜಗ್ಗಿ ಹೊರಟೆ.

ಅಕ್ಕಾರ ಮನೆಯಲ್ಲಿರಲಿಲ್ಲ. ಬೀಗದ ಕೈ ಕಿಟಕಿಯಲ್ಲಿತ್ತು. ಚರ್ಚಿನೊಳಗೆ ಹೊತ್ತು ಮುಳುಗುವ ಮಬ್ಬು. ಕೆಂಪು ಗಾಜು ಈಗ ಬರೀ ಕಂದು ಬಣ್ಣದ ಗಾಜು. ಮಂಡಿಯೂರಲು ಹೋಗಿ, ಊರಬೇಕೋ ಬೇಡವೋ ತಿಳಿಯದೆ ಅರ್ಧ ಬಗ್ಗಿ ನಿಂತೆ. ಸೊಂಟ ಹಿಡಿಯಿತು. ಹಾಗೆಯೇ ಎರಡನೇ ಬೆಂಚಿಗೆ ಕೂತೆ.

ಮುಖ ಎತ್ತ ಮಾಡಬೇಕು ಎಂಬುದೇ ತಿಳಿಯಲಿಲ್ಲ. ಪೆಟ್ಟಿಗೆಯ ಕಡೆ ಮಾತಾಡಿದರೆ ಅಲ್ಲಿಲ್ಲ. ನನ್ನೊಳಗೆ ಮಾತಾಡಲು ಅಲ್ಲಿ ಮೊದಲೇ ಗದ್ದಲ. ದೂರದಲ್ಲಿ ಬಸವೇಶ್ವರನ ಗುಡಿಯ ಗಂಟೆ ಕೇಳಿಸಿ ನಿಂತಿತು. ಕತ್ತಲು ಬೆಂಚುಗಳ ಕೆಳಗಿನಿಂದ ಮೇಲಕ್ಕೆ ಬಂತು. ಕೊನೆಗೆ, ಯಾರ ಕಡೆಗೂ ನೋಡದೆ, "ಅಕಿ ಯಾವಾಗಲೂ ದೊಡ್ಡ ಅರ್ಧ ನನಗ ಕೊಡತಿದ್ಲು" ಎಂದೆ. ಅವಳು ಹೋದ ಮೇಲೆ ಸ್ಕೂಟರು, ಗಂಟು, ಉಪ್ಪು ಎಲ್ಲ ಹೇಳಿದ್ದೆ. ಅವಳ ವಿಷಯ ಒಂದೇ ಒಂದು ಮಾತು ಇಲ್ಲಿ ಆಡಿರಲಿಲ್ಲ. ಈಗ ಆಡಿದೆ, ಆಮೇಲೆ ನಿಲ್ಲಿಸಲಾಗಲಿಲ್ಲ. ದಾವಣಗೆರೆಯ ವಾರ್ಡು, ಅವಳು ಕೊನೆಗೆ ಕೇಳಿದ ನೀರು, ನಾನು ನೀರು ತರಲು ಹೋದಾಗ ಬಾಟಲಿ ತೊಳೆದಿದೆಯೋ ಇಲ್ಲವೋ ಎಂದು ನಿಂತು ನೋಡಿದ್ದು, ಎಲ್ಲವನ್ನೂ ಹೇಳಿದೆ. ಯಾವುದೂ ಅಲುಗಾಡಲಿಲ್ಲ. ಯಾರೂ ಹೂಂ ಎನ್ನಲಿಲ್ಲ. ಆದರೂ ಮನೆಯಲ್ಲಿ ಮಿರ್ಚಿಯ ಮಾತು ನಿಂತುಬಿಟ್ಟಿತ್ತಲ್ಲ, ಹಾಗೆ ಇಲ್ಲಿ ಮಾತು ನಿಲ್ಲಲಿಲ್ಲ. ಎಲ್ಲಿಗೋ ಹೋಗುತ್ತಿತ್ತು.

ಬಾಗಿಲಲ್ಲಿ ಬಳೆ ಸದ್ದಾಯಿತು.

"ಯಾರದು ಕತ್ತಲ್ದಾಗ?"

"ನಾನ್ರಿ ಅಕ್ಕಾರ."

"ಅಯ್ಯ ಶಿವನ, ಹೆದರಿಸಿಬಿಟ್ರಲ್ಲ! ಲೈಟರ ಹಾಕ್ಕೋಬಾರ್ದಾ? ಮಾತಾಡೋದು ಕೇಳಿಸ್ತು. ಒಬ್ರ ಅದೀರೇನು?"

ತಕ್ಷಣ ಹೌದು ಎನ್ನಬೇಕಿತ್ತು.

"ಗೊತ್ತಿಲ್ರಿ" ಎಂದೆ.

ಅಕ್ಕಾರ ಒಂದು ಮಾತು ಅಂದೇ ಅನ್ನುತ್ತಾರೆ ಎಂದು ಕಾದೆ. ಅವರು ಬಾಗಿಲ ಚೌಕಟ್ಟು ಹಿಡಿದು ಒಳಗಿನ ಕತ್ತಲನ್ನು ನೋಡಿದರು.

"ಹಂಗಾರ ಕುಂದರ್ರಿ" ಎಂದರು. "ಗೇಟ್ ಮುಂದಕ್ ಮಾಡಿ ಹೋಗಿರ್ತೀನಿ. ನಾಯಿ ನುಗ್ತಾವ."